ಸ್ವಂತ ಜಮೀನಿನ ತೇಗ ಮಾರುವ ಮುನ್ನ: ಕಡಿತಲೆಯಿಂದ ಸಾಗಣೆಯವರೆಗೆ ಕಾಗದಪತ್ರದ ದಾರಿ

ತೋಟದ ಅಂಚಿನಲ್ಲಿ ತಾವೇ ನೆಟ್ಟು ಬೆಳೆಸಿದ ತೇಗವನ್ನು ಮಾರಹೊರಟವರು ಎಲ್ಲಕ್ಕಿಂತ ಮೊದಲು ಕರ್ನಾಟಕ ಅರಣ್ಯ ಕಾಯ್ದೆ, 1963ರ 80ನೇ ಕಲಮನ್ನು ತಿಳಿದಿರಬೇಕು. ಅರಣ್ಯ ಉತ್ಪನ್ನ ಯಾರದು ಎಂಬ ಪ್ರಶ್ನೆ ಎದ್ದಾಗ, ಬೇರೆಯವರದೆಂದು ಸಾಬೀತಾಗುವವರೆಗೆ ಅದನ್ನು ಸರ್ಕಾರದ ಸ್ವತ್ತೆಂದೇ ಭಾವಿಸಬೇಕು ಎಂದು ಅದು ಹೇಳುತ್ತದೆ. ಅಂದರೆ, ಮರ ತನ್ನದೆಂದು ತೋರಿಸುವ ಹೊಣೆ ಬೆಳೆಗಾರನದೇ. ಇದು ಪ್ರಾಮಾಣಿಕ ರೈತನಿಗೆ ಕಠಿಣವೆನಿಸುವುದು ಸಹಜ. ಆದರೆ ಕಡಿದು ತೊಗಟೆ ತೆಗೆದ ಮೇಲೆ ಮೀಸಲು ಅರಣ್ಯದ ತೇಗಕ್ಕೂ ತೋಟದ ತೇಗಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ; ನಾಟಾ ಕಳ್ಳಸಾಗಣೆ ನಡೆಯುವುದೇ ಈ ಹೋಲಿಕೆಯ ಮರೆಯಲ್ಲಿ. ಆದ್ದರಿಂದ ಪ್ರತಿಯೊಂದು ದಿಮ್ಮಿಯನ್ನೂ ಅದರ ಬುಡದವರೆಗೆ ಜೋಡಿಸಬಲ್ಲ ದಾಖಲೆ ಕೈಯಲ್ಲಿರಬೇಕು.

ಮರದ ಹಕ್ಕು ಯಾರದು?

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮರವೂ ನಿಮ್ಮದಾಗುವುದಿಲ್ಲ. ಜಮೀನು ಸರ್ಕಾರದಿಂದ ಮಂಜೂರಾದದ್ದಾದರೆ, ಅದರಲ್ಲಿ ಮೊದಲೇ ಇದ್ದ ತೇಗ, ಬೀಟೆ, ಹೊನ್ನೆಯಂಥ ಮರಗಳ ಹಕ್ಕನ್ನು ಸರ್ಕಾರ ಉಳಿಸಿಕೊಂಡಿದೆಯೇ, ಮರಮಾಲ್ಕಿ ಹಣ (ಮರಗಳ ಬೆಲೆಯಾಗಿ ಸರ್ಕಾರಕ್ಕೆ ಸಲ್ಲಬೇಕಾದ ಮೊತ್ತ) ಕಟ್ಟಲಾಗಿದೆಯೇ ಎಂಬುದನ್ನು ಮಂಜೂರಾತಿ ಆದೇಶದಲ್ಲೇ ನೋಡಬೇಕು. ಕೊಡಗಿನ ಬಾಣೆ ಜಮೀನುಗಳಲ್ಲಿ (ಗದ್ದೆಗೆ ಸೇರಿದಂತೆ ಸೊಪ್ಪು-ಸೌದೆಗೆಂದು ಬಿಟ್ಟ ಕಾಡುಭೂಮಿ) ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಅಲ್ಲಿ ಜಮೀನು ‘ರಿಡೀಮ್ಡ್’ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಆಗಿದೆಯೋ ‘ಅನ್‌ರಿಡೀಮ್ಡ್’ ಆಗಿದೆಯೋ ಎಂಬುದರ ಮೇಲೆ ಮರದ ಒಡೆತನ ನಿಂತಿದೆ. ಕಂದಾಯ ಇಲಾಖೆಯಿಂದ ಈ ವಿಷಯ ಖಚಿತವಾಗುವ ಮೊದಲು ವ್ಯಾಪಾರಿಯಿಂದ ಮುಂಗಡ ಪಡೆಯದಿರುವುದು ಒಳ್ಳೆಯದು.

ಶ್ರೀಗಂಧದ ದಾರಿಯೇ ಬೇರೆ. 2001ರ ತಿದ್ದುಪಡಿಯ ನಂತರ ಜಮೀನಿನ ಗಂಧದ ಮರ ಜಮೀನುದಾರನಿಗೆ ಸೇರುತ್ತದೆಯಾದರೂ, ಅದನ್ನು ಮನಬಂದಂತೆ ಕಡಿದು ಮನಬಂದವರಿಗೆ ಮಾರುವಂತಿಲ್ಲ.

ಕಡಿತಲೆಗೆ ಅನುಮತಿ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ 8ನೇ ಕಲಮಿನ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯ ಅಧಿಕಾರಿಯ) ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದವುಗಳಿಗೆ ವಿನಾಯಿತಿ ಇದೆ, ತೇಗಕ್ಕಿಲ್ಲ. ಕಡಿಯಲು ವಿನಾಯಿತಿ ಇದ್ದ ಮರಕ್ಕೆ ಸಾಗಣೆಯಲ್ಲೂ ವಿನಾಯಿತಿ ಇದೆಯೆಂದು ತಾವೇ ತೀರ್ಮಾನಿಸದೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿಯೊಂದಿಗೆ ಪಹಣಿ, ಸರ್ವೆ ನಕ್ಷೆ ಮತ್ತು ಮರಗಳ ಪಟ್ಟಿಯನ್ನು ಕೊಡಬೇಕಾಗುತ್ತದೆ. ಜಮೀನು ಕಾಡಿಗೆ ತಾಗಿಕೊಂಡಿದ್ದರೆ ಗಡಿಯ ಅಳತೆಯನ್ನು ಮೊದಲೇ ಮಾಡಿಸಿಕೊಳ್ಳಿ, ಏಕೆಂದರೆ ಬೇಲಿಯಾಚೆಯ ಒಂದೇ ಒಂದು ಮರಕ್ಕೆ ಕೊಡಲಿ ಬಿದ್ದರೂ ಇಡೀ ಲೋಡಿನ ಮೇಲೆ ಅನುಮಾನ ಬೀಳುತ್ತದೆ.

ಸ್ಥಳ ಪರಿಶೀಲನೆಯ ದಿನ ನೀವು ಖುದ್ದಾಗಿ ಹಾಜರಿರಬೇಕು. ಸಾಮಾನ್ಯ ವಂಚನೆಗಳಲ್ಲೊಂದರ ಬೀಜ ಬೀಳುವುದು ಇಲ್ಲಿಯೇ: ತೋಟದಲ್ಲಿ ಇಪ್ಪತ್ತು ಮರಗಳಿದ್ದರೆ ಪಟ್ಟಿಯಲ್ಲಿ ಮೂವತ್ತೈದು ತೋರಿಸಿ, ಉಳಿದ ಹದಿನೈದನ್ನು ಪಕ್ಕದ ಕಾಡಿನಿಂದ ತಂದು ಅದೇ ಅನುಮತಿಯಡಿ ಸಾಗಿಸಿಬಿಡುತ್ತಾರೆ. ಮುಂದೆ ಬುಡಗಳ ಎಣಿಕೆಯಾದಾಗ ಲೆಕ್ಕ ಕೇಳುವುದು ಅರ್ಜಿಗೆ ಸಹಿ ಹಾಕಿದವರನ್ನೇ. ‘ಓಡಾಟವೆಲ್ಲ ನಮಗಿರಲಿ, ನೀವು ಸಹಿ ಮಾಡಿ ಸಾಕು’ ಎನ್ನುವ ವ್ಯಾಪಾರಿಗೆ ಖಾಲಿ ಹಾಳೆಯ ಮೇಲೆ ಸಹಿ ಮಾಡಿಕೊಡುವುದು ಈ ವ್ಯವಹಾರದಲ್ಲಿ ಅತ್ಯಂತ ದುಬಾರಿ ಔದಾರ್ಯ.

ಅಳತೆ ಮತ್ತು ಗುರುತು

ಮರ ಕೆಡವಿದ ಮೇಲೆ ಬುಡಕ್ಕೂ ದಿಮ್ಮಿಗೂ ಹೊಂದುವ ಸಂಖ್ಯೆ ಬರೆಸಿ, ಪರಿಶೀಲನೆ ಮುಗಿಯುವವರೆಗೆ ಬುಡವನ್ನು ಕೀಳದೆ, ಸುಡದೆ ಉಳಿಸಿಕೊಳ್ಳಿ. ಅರಣ್ಯ ಇಲಾಖೆ ಸುತ್ತಿಗೆಯಿಂದ ಒತ್ತುವ ಗುರುತು ದಿಮ್ಮಿಯ ಮೇಲೆ ಸ್ಪಷ್ಟವಾಗಿ ಮೂಡಿದೆಯೇ ಎಂದು ನೋಡಿ. ಇಂಥ ಗುರುತನ್ನು ನಕಲು ಮಾಡುವುದು, ಅಳಿಸುವುದು ಪ್ರತ್ಯೇಕ ಅಪರಾಧ.

ಘನ ಅಳತೆಯನ್ನು ರೈತರೇ ಲೆಕ್ಕ ಹಾಕಿಕೊಳ್ಳಬಹುದು. ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಬೇಕು. ಸುತ್ತಳತೆ 1.2 ಮೀಟರ್, ಉದ್ದ 3 ಮೀಟರ್ ಆದರೆ 0.3 × 0.3 × 3, ಅಂದರೆ 0.27 ಘನ ಮೀಟರ್. ವಾಸ್ತವದಲ್ಲಿ ದುಂಡು ದಿಮ್ಮಿಯಲ್ಲಿ ಇರುವುದು ಸುಮಾರು 0.34 ಘನ ಮೀಟರ್. ಈ ಸೂತ್ರವೇ ಐದನೇ ಒಂದು ಭಾಗಕ್ಕೂ ಹೆಚ್ಚನ್ನು ಕೈಬಿಡುತ್ತದೆ. ಅದರ ಮೇಲೆ ವ್ಯಾಪಾರಿ ಟೇಪನ್ನು ನಡುವಿನ ಬದಲು ಸಣ್ಣ ತುದಿಗೆ ಸುತ್ತಿದನೆಂದರೆ ನಷ್ಟ ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ಹಾಗೆ ಕಡಿಮೆ ಬರೆದ ಅಳತೆಯೇ ಪಾಸಿಗೂ ಹೋದರೆ, ತಪಾಸಣೆಯಲ್ಲಿ ದಿಮ್ಮಿ ದೊಡ್ಡದಾಗಿ ಕಂಡು ತಕರಾರು ಏಳುತ್ತದೆ.

ಸಾಗಣೆ ಪಾಸು

ಲಾರಿ ಹೊರಡುವ ಮುನ್ನ ಅರಣ್ಯ ಇಲಾಖೆ ಕೊಡುವ ಸಾಗಣೆ ಪಾಸಿನಲ್ಲಿರುವ ವಾಹನ ಸಂಖ್ಯೆ, ದಿಮ್ಮಿಗಳ ಸಂಖ್ಯೆ ಮತ್ತು ಅಳತೆ, ತಲುಪಬೇಕಾದ ಸ್ಥಳ, ಅವಧಿ ಎಲ್ಲವನ್ನೂ ಲೋಡಿನೊಂದಿಗೆ ತಾಳೆ ನೋಡಬೇಕು. ಒಂದೇ ಪಾಸಿನಲ್ಲಿ ಎರಡು ಲೋಡು ಸಾಗಿಸುವುದು ಹಳೆಯ ತಂತ್ರ. ದಿನಾಂಕ ತಿದ್ದಿದ, ಅವಧಿ ಅನಗತ್ಯವಾಗಿ ಉದ್ದವಾಗಿರುವ ಪಾಸನ್ನು ಒಪ್ಪಬೇಡಿ. ಮಾಲು ಇಳಿಯುವ ಸಾಮಿಲ್ಲಿಗೆ ಪರವಾನಗಿ ಇದೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಅಂತರರಾಜ್ಯ ಸಾಗಣೆಗೆ ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ದೇಶವ್ಯಾಪಿ ಆನ್‌ಲೈನ್ ಪಾಸು ವ್ಯವಸ್ಥೆಗೆ ಚಾಲನೆ ಕೊಟ್ಟಿದೆ.

ಮಾಲು ಜಪ್ತಿಯಾದರೆ

ಕರ್ನಾಟಕ ಅರಣ್ಯ ಕಾಯ್ದೆಯ 71ಎ ಕಲಮಿನಡಿ ನಾಟಾ ಮಾತ್ರವಲ್ಲ, ವಾಹನವೂ ಸರ್ಕಾರಕ್ಕೆ ಮುಟ್ಟುಗೋಲಾಗಬಹುದು. ಅರಣ್ಯ ಅಪರಾಧಕ್ಕೆ ಬಳಕೆಯಾದ ವಾಹನವನ್ನು ಪ್ರಕರಣ ಮುಗಿಯುವ ಮೊದಲೇ ಸುಲಭವಾಗಿ ಬಿಟ್ಟುಕೊಡಬಾರದೆಂದು ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದೆ. ಬಾಡಿಗೆ ಲಾರಿಯವರು ಪಾಸು ನೋಡದೆ ಲೋಡು ಹತ್ತಿಸಬಾರದು ಎನ್ನುವುದು ಇದಕ್ಕಾಗಿಯೇ. ಜಪ್ತಿಯಾದಲ್ಲಿ ಮಹಜರಿನ ಪ್ರತಿ ಕೇಳಿ ಪಡೆಯಿರಿ, ಅದರಲ್ಲಿ ದಿಮ್ಮಿಗಳ ಎಣಿಕೆ ಮತ್ತು ಗುರುತು ಸರಿಯಾಗಿ ದಾಖಲಾಗಿದೆಯೇ ಎಂದು ಓದಿದ ಮೇಲಷ್ಟೇ ಸಹಿ ಮಾಡಿ. ನೋಟಿಸು ಬಂದಾಗ ಅನುಮತಿ ಪತ್ರ, ಅಳತೆ ಪಟ್ಟಿ, ಪಾಸುಗಳನ್ನು ಲಗತ್ತಿಸಿ ಲಿಖಿತ ಉತ್ತರ ಕೊಡಬೇಕು. ಮುಟ್ಟುಗೋಲು ಆದೇಶವೇ ಹೊರಬಿದ್ದರೆ, ಅದರ ವಿರುದ್ಧ ಸೆಷನ್ಸ್ ನ್ಯಾಯಾಲಯದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.