ಹಾಲಿನ ಕ್ಯಾನಿನೊಳಗೆ ಬಾಹ್ಯಾಕಾಶದ ಗ್ಲೌಸ್

2025ರ ಜೂನ್ 25ರಂದು ಶುಭಾಂಶು ಶುಕ್ಲಾ ಡ್ರ್ಯಾಗನ್ ನೌಕೆಯಲ್ಲಿ ಹೊರಟಾಗ ನಮ್ಮ ಮಕ್ಕಳ ಕಣ್ಣು ಹೋಗಿದ್ದು ಅವರ ಉಡುಪಿನ ಮೇಲೆ. ಅಳತೆ ಹೇಗೆ ತೆಗೆಯುತ್ತಾರೆ? ಅದನ್ನು ಹಾಕಿಕೊಂಡು ಬೆರಳು ಆಡಿಸೋಕೆ ಆಗುತ್ತಾ? ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಸುಮ್ನೆ ಬೋರ್ಡಿನ ಮೇಲೆ ಬರೆಯುವ ಬದಲು ಮಾಡಿ ತೋರಿಸಿದೆ.

ಹಳೆಯ ಅಲ್ಯೂಮಿನಿಯಂ ಹಾಲಿನ ಕ್ಯಾನ್ ತಂದೆ. ಅಡಿಕೆಗೆ ಔಷಧಿ ಹೊಡೆಯುವಾಗ ಹಾಕುವ ಉದ್ದದ ರಬ್ಬರ್ ಗ್ಲೌಸನ್ನು ಒಳಗೆ ಇಳಿಬಿಟ್ಟು, ಅದರ ಬಾಯನ್ನು ಕ್ಯಾನಿನ ಬಾಯಿಗೆ ಮಡಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಪಕ್ಕದಲ್ಲಿ ಕೊರೆದ ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಪೈಪು. ಗ್ಲೌಸಿಗೆ ಕೈ ಹಾಕಿ ಮೆಷಿನ್ ಶುರು ಮಾಡಿದರೆ ಗ್ಲೌಸ್ ಉಬ್ಬಿ ಗಟ್ಟಿಯಾಗುತ್ತದೆ. ಕ್ಯಾನಿನೊಳಗೆ ಹಾಕಿಟ್ಟ ನಟ್ಟು ಬೋಲ್ಟು ಸೇರಿಸಿ ಅಂದರೆ ಮಕ್ಕಳ ಮುಂಗೈ ನಡುಗುತ್ತಿತ್ತು. ಬಲವಾದ ಕ್ಲೀನರ್ ಕ್ಯಾನಿನೊಳಗಿನ ಗಾಳಿಯ ಒತ್ತಡವನ್ನು ಐದನೇ ಒಂದು ಪಾಲಿನಷ್ಟು ಇಳಿಸಬಹುದು. ನಾಸಾದ ಗಗನಯಾತ್ರಿಗಳು ನೌಕೆಯಿಂದ ಹೊರಗೆ ಬರುವಾಗ ಉಡುಪಿನೊಳಗೆ ಸುಮಾರು 0.3 ವಾತಾವರಣದ ಒತ್ತಡ ಇರುತ್ತದೆ, ಹೊರಗೆ ಗಾಳಿಯೇ ಇಲ್ಲ. ಅಂದರೆ ಒಳಗೂ ಹೊರಗೂ ಇರುವ ವ್ಯತ್ಯಾಸ ನಮ್ಮ ಕ್ಯಾನಿಗಿಂತ ಜಾಸ್ತಿ. ಅದರಲ್ಲೇ ಗಂಟೆಗಟ್ಟಲೆ ಸ್ಪ್ಯಾನರ್ ತಿರುಗಿಸಬೇಕು. ಕೆಲವರ ಉಗುರೇ ಕಿತ್ತು ಬರುತ್ತದೆ. ಬೆರಳ ತುದಿಯ ಅಳತೆಗೆ ಅಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ.

ಒಂದು ಎಚ್ಚರಿಕೆ: ಗಾಳಿ ಹರಿಯದೆ ಮೋಟಾರ್ ಬೇಗ ಬಿಸಿಯಾಗುತ್ತದೆ. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ. ತೆಳು ಪ್ಲಾಸ್ಟಿಕ್ ಡಬ್ಬ ಬೇಡವೇ ಬೇಡ, ಒಳಕ್ಕೆ ಕುಸಿಯುತ್ತದೆ.

ಟ್ಯೂಬಿನ ಪಟ್ಟಿ ನೋಡಿ ಮಕ್ಕಳಿಗೆ ಇಷ್ಟೇನಾ ಅನ್ನಿಸಿತು. ಹೊರಡುವಾಗ, ಮರಳುವಾಗ ನೌಕೆಯೊಳಗೆ ಹಾಕುವ ರಷ್ಯಾದ ಸೋಕೋಲ್ ಉಡುಪಿನಲ್ಲೂ ಎದೆಯ ಹತ್ತಿರ ಒಳಪದರದ ಬಾಯನ್ನು ಸುತ್ತಿ ರಬ್ಬರ್ ಬ್ಯಾಂಡಿನಿಂದಲೇ ಬಿಗಿಯುತ್ತಾರೆ. 1984ರಲ್ಲಿ ರಾಕೇಶ್ ಶರ್ಮಾ ಹಾಕಿದ್ದು ಇದೇ ಬಗೆಯ ಉಡುಪು. ಅದು ಹುಟ್ಟಿದ್ದರ ಹಿಂದೆ ದೊಡ್ಡ ದುಃಖವಿದೆ. 1971ರಲ್ಲಿ ಸೋವಿಯತ್ ನೌಕೆ ಸೋಯುಜ್ 11 ಮರಳುವಾಗ ಕವಾಟ ತೆರೆದುಕೊಂಡು ಗಾಳಿಯೆಲ್ಲ ಹೊರಗೆ ಹೋಯಿತು. ಉಡುಪಿಲ್ಲದ ಮೂವರೂ ಸತ್ತರು. ಅದಕ್ಕೇ ಈಗ ಹೊರಡುವ ದಿನ ಉಡುಪಿಗೆ ಗಾಳಿ ತುಂಬಿ ಸೋರಿಕೆ ನೋಡದೆ ಯಾರನ್ನೂ ಸೋಯುಜ್ ನೌಕೆಗೆ ಹತ್ತಿಸುವುದಿಲ್ಲ. ಇದನ್ನು ಹೇಳಿದ ಮೇಲೆ ಮಕ್ಕಳು ಪಟ್ಟಿಯನ್ನು ತಾವೇ ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದರು.

ಅಳತೆಯ ಪಾಠಕ್ಕೆ ಊರಿನ ಟೈಲರ್ ಟೇಪು ಹಿಡಿದು ಬಂದರು. ನಿಂತಾಗ ಒಂದು ಸಲ, ಮೊಣಕಾಲು ಎದೆಯತ್ತ ಮಡಚಿ ಮಲಗಿದಾಗ ಒಂದು ಸಲ ಬೆನ್ನಿನ ಅಳತೆ ತೆಗೆದರು. ಮಡಚಿದಾಗ ಬೆನ್ನು ಉದ್ದ, ಹೊಟ್ಟೆಯ ಕಡೆ ಗಿಡ್ಡ. ನೌಕೆಯ ಸೀಟಿನಲ್ಲಿ ಹೀಗೇ ಮಡಚಿಕೊಂಡು ಮಲಗಬೇಕು, ಅದಕ್ಕೇ ಸೋಕೋಲ್ ಹೊಲಿಯುವುದು ಈ ಮಡಚಿದ ಅಳತೆಗೇ. ಹಾಗಾಗಿ ಅದನ್ನು ಹಾಕಿ ನಡೆಯುವವರು ಬಗ್ಗಿರುತ್ತಾರೆ. ಸೀಟಿಗೂ ಒಬ್ಬೊಬ್ಬರ ಬೆನ್ನಿನ ಅಚ್ಚನ್ನು ಬೇರೆಯಾಗಿ ತೆಗೆಯುತ್ತಾರೆ. ತಲೆಯ ಕಡೆ ಸ್ವಲ್ಪ ಜಾಗ ಬಿಡುತ್ತಾರೆ, ಏಕೆಂದರೆ ತೂಕವಿಲ್ಲದ ಕಡೆ ಬೆನ್ನುಮೂಳೆ ಹಿಗ್ಗಿ ಮನುಷ್ಯ ಕೆಲವು ಸೆಂಟಿಮೀಟರ್ ಎತ್ತರವಾಗುತ್ತಾನೆ. ವಾಪಸ್ ಬರುವಾಗಲೂ ಅದೇ ಸೀಟಿನಲ್ಲಿ ಹಿಡಿಸಬೇಕಲ್ವಾ?