ಗಾಂಧಿ ಹೋದ ದಿನ ನೀವೆಲ್ಲಿದ್ದಿರಿ? ಹಿರಿಯರ ನೆನಪು ಬರೆದುಕೊಂಡ ನನ್ನ ಅನುಭವ

2007ರ ಜೂನ್ ತಿಂಗಳಲ್ಲಿ, ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಹತ್ತನೆಯ ತರಗತಿಗೆ ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದಾಗ, ಹುಡುಗಿಯೊಬ್ಬಳು ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು: “ಸರ್, ಗಾಂಧೀಜಿ ಸತ್ತಾಗ ನಮ್ಮೂರು ಇನ್ನಾ ಇಂಡಿಯಾದಾಗ ಇದ್ದಿಲ್ಲಲ್ರಿ, ಮತ್ತ ನಮ್ಮೂರಾಗ ಯಾರರ ಅತ್ತಿದ್ರೇನ್ರಿ?” ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಪಾಠವನ್ನು ಹೇಳಿಕೊಂಡು ಬಂದಿದ್ದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು. 1948ರ ಜನವರಿ 30ರ ಶುಕ್ರವಾರ ಸಂಜೆ 5 ಗಂಟೆ 17 ನಿಮಿಷಕ್ಕೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಗೆ ಗುಂಡು ತಗುಲಿದಾಗ, ಕೊಪ್ಪಳ ಮತ್ತು ರಾಯಚೂರು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಭಾಗವಾಗಿ ಸ್ವತಂತ್ರ ಭಾರತದಲ್ಲಿತ್ತು. ಒಂದೇ ಹೊಳೆಯ ನೀರು ಕುಡಿಯುವ, ಒಂದೇ ಮಾತನಾಡುವ, ಹೆಣ್ಣು ಕೊಟ್ಟು ತಂದುಕೊಂಡ ಮಂದಿ ಆ ಸಂಜೆ ಎರಡು ಬೇರೆ ರಾಜ್ಯಗಳಲ್ಲಿ ಕುಳಿತು ಅದೇ ಸುದ್ದಿಯನ್ನು ಕೇಳಿದ್ದರು. ಮುಂದಿನ ಜನವರಿಗೆ ಅರವತ್ತು ವರ್ಷ ತುಂಬುವುದಿತ್ತು, ಆ ದಿನ ಹತ್ತು ವರ್ಷದವರಾಗಿದ್ದವರಿಗೆ ಎಪ್ಪತ್ತಾಗುತ್ತಿತ್ತು. ಕೇಳುವುದಾದರೆ ಈಗಲೇ ಕೇಳಬೇಕು ಎಂದು ನಿಶ್ಚಯಿಸಿದೆ.

ಯಾರ ಮನೆಗೂ ಹೋಗುವ ಮೊದಲು ನನ್ನ ನೆನಪನ್ನೇ ಒಮ್ಮೆ ಪರೀಕ್ಷಿಸಿ ನೋಡಿದೆ, ಇಂಥ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ಹಾಗೆ ಮಾಡಬೇಕೆಂದು ನನಗೆ ಈಗಲೂ ಅನ್ನಿಸುತ್ತದೆ. 1984ರ ಅಕ್ಟೋಬರ್ 31ರಂದು, ಇಂದಿರಾ ಗಾಂಧಿಯವರ ಹತ್ಯೆಯಾದ ಬುಧವಾರ, ನಾನು ಎಲ್ಲಿದ್ದೆ? ಆ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಬೆಳಗಿನ ಎರಡನೆಯ ಅವಧಿಯಲ್ಲಿ ಮುಖ್ಯೋಪಾಧ್ಯಾಯರು ತರಗತಿಯ ಬಾಗಿಲಿಗೆ ಬಂದು ಹೇಳಿದರು, ನಾನು ಸೀಮೆಸುಣ್ಣ ಕೆಳಗಿಟ್ಟು ಮಕ್ಕಳನ್ನು ಎದ್ದು ನಿಲ್ಲಿಸಿದೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಆದರೆ ಟ್ರಂಕಿನಲ್ಲಿದ್ದ ಆ ವರ್ಷದ ದಿನಚರಿಯನ್ನು ತೆಗೆದು ನೋಡಿದಾಗ, ಆ ದಿನ ನಾನು ತಮ್ಮನ ಮದುವೆಯ ಮಾತುಕತೆಗೆಂದು ಗಂಗಾವತಿಗೆ ಹೋಗಿದ್ದೆನೆಂದೂ, ಬಸ್ ನಿಲ್ದಾಣದ ಪಕ್ಕದ ಹೋಟೆಲಿನ ರೇಡಿಯೋದಲ್ಲಿ ಸಂಜೆ ಸುದ್ದಿ ಕೇಳಿದೆನೆಂದೂ, ಬಸ್ಸು ನಿಂತು ಹೋಗಿದ್ದರಿಂದ ಸೋದರಮಾವನ ಮನೆಯಲ್ಲಿ ಉಳಿದೆನೆಂದೂ ನನ್ನದೇ ಅಕ್ಷರದಲ್ಲಿ ಬರೆದಿತ್ತು. ಯೋಚಿಸಿದರೆ, ಬೆಳಿಗ್ಗೆ ಸುದ್ದಿ ಕೇಳಿರುವುದು ಸಾಧ್ಯವೂ ಇರಲಿಲ್ಲ. ಗುಂಡಿನ ದಾಳಿ ನಡೆದದ್ದೇ ಬೆಳಿಗ್ಗೆ ಒಂಬತ್ತರ ಮೇಲೆ, ಬಿಬಿಸಿ ಮಧ್ಯಾಹ್ನವೇ ಸಾವಿನ ಸುದ್ದಿ ಹೇಳಿದ್ದರೂ ಆಕಾಶವಾಣಿ ಅದನ್ನು ಪ್ರಕಟಿಸಿದ್ದು ಸಂಜೆ. ತರಗತಿಯ ಬಾಗಿಲು, ಸೀಮೆಸುಣ್ಣ, ಎದ್ದು ನಿಂತ ಮಕ್ಕಳು ಇವೆಲ್ಲ ಕೆಲವು ದಿನಗಳ ನಂತರದ ಸಂತಾಪ ಸಭೆಯಿಂದ ಬಂದು ಆ ಬುಧವಾರದೊಳಗೆ ಸೇರಿಕೊಂಡಿದ್ದವು. ನಾನು ಸುಳ್ಳು ಹೇಳಿರಲಿಲ್ಲ, ಆದರೆ ಹೇಳಿದ್ದು ನಡೆದಿರಲೂ ಇಲ್ಲ.

ಇದು ನನ್ನೊಬ್ಬನ ಸಂಗತಿಯಲ್ಲವೆಂದು ಮುಂದೆ ಓದಿ ತಿಳಿದುಕೊಂಡೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ, ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ಮರುದಿನವೇ ತಮ್ಮ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ’ ಎಂದು ಬರೆಸಿಕೊಂಡು, ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ಎರಡೂ ಉತ್ತರಗಳು ಪೂರ್ತಿ ಕೂಡಿಬಂದದ್ದು 3 ಜನರದ್ದು ಮಾತ್ರ; 11 ಜನರದ್ದು ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಎರಡೂವರೆ ವರ್ಷಕ್ಕೇ ಹೀಗಾದರೆ ಅರವತ್ತು ವರ್ಷದ ನೆನಪಿನ ಗತಿಯೇನು ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ನೆನಪನ್ನು ಕೋರ್ಟಿನ ಸಾಕ್ಷಿಯಂತೆ ಕೇಳಿದರೆ ಅದು ಸೋಲುತ್ತದೆ, ಆ ದಿನ ಅವರ ಬದುಕಿನಲ್ಲಿ ಎಲ್ಲಿ ಕೂತಿದೆ ಎಂದು ಕೇಳಿದರೆ ಅದು ಬಹಳಷ್ಟು ಹೇಳುತ್ತದೆ ಎಂಬುದು ನನ್ನ ಉತ್ತರ, ಮತ್ತು ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಮೊದಮೊದಲು ನಾನು ನೇರವಾಗಿ “ಗಾಂಧೀಜಿ ತೀರಿಕೊಂಡ ದಿನ ನೀವು ಎಲ್ಲಿದ್ದಿರಿ?” ಎಂದು ಕೇಳುತ್ತಿದ್ದೆ. ಹಾಗೆ ಕೇಳಿದಾಗ ಹಿರಿಯರು ನೆಟ್ಟಗೆ ಕುಳಿತು, ಆಗಸ್ಟ್ ಹದಿನೈದರ ಭಾಷಣದ ಧಾಟಿಯಲ್ಲಿ ‘ದೇಶವೇ ಅನಾಥವಾಯಿತು’ ಎಂದು ಹೇಳುತ್ತಿದ್ದರು. ಅದರಲ್ಲಿ ಅವರ ಮನೆಯಾಗಲಿ, ಹೊಲವಾಗಲಿ ಇರುತ್ತಿರಲಿಲ್ಲ. ಆಮೇಲೆ ಪ್ರಶ್ನೆಯನ್ನೇ ಬದಲಿಸಿಕೊಂಡೆ. ಆ ಚಳಿಗಾಲದಲ್ಲಿ ಮನೆಯಲ್ಲಿ ಯಾರ್ಯಾರಿದ್ದರು, ಹೊಲದಲ್ಲಿ ಬಿಳಿಜೋಳ ಕಿತ್ತಾಗಿತ್ತೇ, ಹತ್ತಿ ಬಿಡಿಸಲು ಯಾರು ಹೋಗುತ್ತಿದ್ದರು ಎಂದು ಶುರು ಮಾಡಿದರೆ, ಅರ್ಧ ತಾಸಿನಲ್ಲಿ ಅವರೇ ಆ ದಿನದ ಹತ್ತಿರ ಬಂದುಬಿಡುತ್ತಿದ್ದರು. ಸುದ್ದಿ ಹೇಳಿದವರು ಯಾರು, ಅವರು ನಿಂತಿದ್ದರೋ ಕುಳಿತಿದ್ದರೋ, ಆಗ ನಿಮ್ಮ ಕೈಯಲ್ಲಿ ಏನಿತ್ತು, ಆ ರಾತ್ರಿ ಒಲೆ ಹಚ್ಚಿದಿರೋ ಇಲ್ಲವೋ ಎಂಬ ನಾಲ್ಕು ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳೇ ನನ್ನ ಟಿಪ್ಪಣಿ ಪುಸ್ತಕಗಳ ಮುಕ್ಕಾಲು ಭಾಗವನ್ನು ತುಂಬಿವೆ.

ಕುಷ್ಟಗಿ ತಾಲ್ಲೂಕಿನ ಒಬ್ಬ ಅಜ್ಜಿಯ ಮಾತನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಆಗ ಅವರಿಗೆ ಹನ್ನೊಂದು ವರ್ಷ. ಅಪ್ಪ, ಅವ್ವ ಮತ್ತು ಅಣ್ಣನ ಜೊತೆ ಬಂಡಿ ಕಟ್ಟಿಕೊಂಡು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿದ್ದರು. ಬಾದಾಮಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಆದ್ದರಿಂದ ದೇವರ ದರ್ಶನಕ್ಕೂ ನಿಜಾಮರ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ ದಾಟಿ, ನಿಜಾಮರ ಹಾಲಿ ಸಿಕ್ಕಾ ರೂಪಾಯಿಯನ್ನು ಬ್ರಿಟಿಷ್ ಇಂಡಿಯಾದ ಕಲದಾರ ರೂಪಾಯಿಗೆ ಬದಲಿಸಿಕೊಂಡು ಹೋಗಬೇಕಾಗಿತ್ತು. ಬರುವಾಗ ಬಂಡಿಯಲ್ಲಿ ಏನೇನಿತ್ತು ಎಂದು ಕೇಳಿದೆ. ಎತ್ತಿನ ಮೇವು, ನೀರಿನ ಕೊಡ, ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಎಂದು ಬೆರಳು ಮಡಚುತ್ತ ಬಂದವರು ಒಮ್ಮೆಲೇ ನಿಲ್ಲಿಸಿ, “ಮತ್ತ ಬಾಗಲಾ ಇತ್ತಲ್ರಿ!” ಎಂದರು. ಬನಶಂಕರಿ ಜಾತ್ರೆಯಲ್ಲಿ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ವ್ಯಾಪಾರ ಹೆಸರುವಾಸಿ. ಹೊಸ ಮನೆ ಕಟ್ಟಿಸುತ್ತಿದ್ದ ಅವರ ಅಪ್ಪ ತಲೆಬಾಗಿಲನ್ನು ಅಲ್ಲೇ ಕೊಂಡು, ಚೌಕಟ್ಟನ್ನು ಬಂಡಿಯ ಮೇಲೆ ಅಡ್ಡ ಮಲಗಿಸಿ, ಮಕ್ಕಳಿಬ್ಬರನ್ನೂ ಅದರ ನಡುವೆ ಕೂಡಿಸಿದ್ದರಂತೆ.

ಗಜೇಂದ್ರಗಡ ತಲುಪಿದಾಗ ಬೆಳಗಾಗಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಮಕ್ಕಳಿಗೆ ಚುರುಮುರಿ ತರುತ್ತೇನೆಂದು ಇಳಿದು ಹೋದ ಅಪ್ಪ ಬರಿಗೈಯಲ್ಲಿ, ತಲೆಯ ಮೇಲಿನ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಬಂದರು. ಮನೆಯಲ್ಲಿ ಸಾವಾದಾಗಲ್ಲದೆ ಅಪ್ಪ ಹಾಗೆ ಬರಿತಲೆಯಲ್ಲಿ ಹೊರಗೆ ನಡೆದದ್ದನ್ನು ಆ ಹುಡುಗಿ ಕಂಡಿರಲಿಲ್ಲ. ಅಜ್ಜ ಸತ್ತನೆಂದು ತಿಳಿದು ಅಳಲು ಶುರು ಮಾಡಿದಳು. ಅವ್ವನ ಕಿವಿಯಲ್ಲಿ ಏನೋ ಹೇಳಿದ ಅಪ್ಪ ಮಕ್ಕಳ ಕಡೆ ತಿರುಗಿ, “ನಾಕಾ ದಾಟೂತನಾ ಯಾರೂ ಅಳಬ್ಯಾಡ್ರಿ, ಮನಿಗಿ ಹೋಗಿ ಅಳೂಣು” ಎಂದರಂತೆ. ನಿಜಾಮರ ಪರವಾಗಿ ನಿಂತ ಖಾಸಗಿ ಪಡೆಯಾದ ರಜಾಕಾರರ ಹಾವಳಿಯ ದಿನಗಳು ಅವು. ಗಾಂಧಿಯ ಹೆಸರಿನಲ್ಲಿ ಕಣ್ಣೀರು ಹಾಕಿದ್ದು ಕಂಡರೆ ಏನಾಗುವುದೋ ಎಂಬ ಭಯ ಅಪ್ಪನದು. ಇಷ್ಟು ಹೇಳಿ ಅಜ್ಜಿ ಎದ್ದರು, ನಾನು ಕುಳಿತಿದ್ದ ಪಡಸಾಲೆಯ ತಲೆಬಾಗಿಲಿನ ಬಳಿಗೆ ಹೋಗಿ, ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿದ್ದ ಎಡಗಡೆಯ ಕಂಬವನ್ನು ಅಂಗೈಯಿಂದ ಸವರುತ್ತ, “ಇದ ನೋಡ್ರಿ ಮಾಸ್ತರ್ರ, ಇದರಾಗ ಕುಂತಿದ್ದೆ” ಎಂದರು. ಎರಡು ಗಂಟೆಗಳಿಂದ ನಾನು ಆ ಬಾಗಿಲಿಗೆ ಒರಗಿಕೊಂಡೇ ಬರೆಯುತ್ತಿದ್ದೆ.

ಮನೆಗೆ ಬಂದು ಹಳೆಯ ಪಂಚಾಂಗ ಹುಡುಕಿಸಿ ನೋಡಿದೆ. ಬನಶಂಕರಿಯ ತೇರು ಎಳೆಯುವ ಬನದ ಹುಣ್ಣಿಮೆ ಆ ವರ್ಷ 1948ರ ಜನವರಿ 26ರ ಸೋಮವಾರ ಬಂದಿತ್ತು. ತೇರು ನೋಡಿ, ಬಾಗಿಲು ಕೊಂಡು, ಬಂಡಿಯಲ್ಲಿ ತಿರುಗಿ ಹೊರಟವರು ಶನಿವಾರ ಬೆಳಿಗ್ಗೆ ಗಜೇಂದ್ರಗಡದಲ್ಲಿರುವುದು ಸರಿಯಾಗಿ ಕೂಡಿಬರುತ್ತದೆ. ತಾರೀಖು ಕೇಳಿದ್ದರೆ ಅಜ್ಜಿ ಹೇಳುತ್ತಿರಲಿಲ್ಲ. ಹುಣ್ಣಿಮೆ, ಅಮಾವಾಸ್ಯೆ, ಜಾತ್ರೆ, ಬೆಳೆ ಇವುಗಳ ಮೂಲಕ ದಿನ ಹಿಡಿಯುವ ದಾರಿಯನ್ನು ನಾನು ಕಂಡುಕೊಂಡದ್ದು ಆ ಬಾಗಿಲಿನಿಂದ.

ಎಲ್ಲರ ನೆನಪೂ ಹೀಗೆ ಕೂಡಿಬರಲಿಲ್ಲ. ಯಲಬುರ್ಗಾ ಕಡೆಯ ಒಬ್ಬ ಅಜ್ಜನವರು, ಗಾಂಧಿ ಹೋದ ದಿನ ತಾವು ಸಜ್ಜೆ ಹೊಲದಲ್ಲಿದ್ದುದಾಗಿಯೂ, ಮಳೆ ಹಿಡಿದಿತ್ತೆಂದೂ, ದಾರಿಯಲ್ಲಿ ಮಿಲ್ಟ್ರಿ ಗಾಡಿಗಳು ಹೋದವೆಂದೂ ಹೇಳಿದರು. ಜನವರಿ ಕೊನೆಗೆ ನಮ್ಮ ಸೀಮೆಯಲ್ಲಿ ಹೊಲದಲ್ಲಿ ಸಜ್ಜೆ ಎಲ್ಲಿಯದು, ಮಳೆ ಎಲ್ಲಿಯದು? ಅವರು ಹೇಳುತ್ತಿದ್ದುದು ಅದೇ ವರ್ಷದ ಸೆಪ್ಟೆಂಬರ್ ತಿಂಗಳನ್ನು. 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿ, 17ರಂದು ನಿಜಾಮರು ಶರಣಾದ ಆ ಐದು ದಿನಗಳನ್ನು. ಮೇಷ್ಟರಿಕೆಯ ಅಭ್ಯಾಸದಿಂದ ನಾನು ಥಟ್ಟನೆ, “ಅಜ್ಜಾರ, ಅದು ಗಾಂಧೀಜಿ ಹೋದ ದಿನ ಅಲ್ಲರಿ, ಪೊಲೀಸ್ ಆಕ್ಷನ್ ಆದದ್ದು” ಎಂದುಬಿಟ್ಟೆ. ಪಕ್ಕದಲ್ಲಿದ್ದ ಮೊಮ್ಮಗ ನಕ್ಕ. ಅಜ್ಜನವರು ಧೋತರದ ಚುಂಗನ್ನು ಸರಿಮಾಡಿಕೊಂಡು, “ನಿಮಗ ಎಲ್ಲಾ ಗೊತ್ತೈತಲ್ರಿ, ಬರಕೊಳ್ರಿ ಹಂಗಾರ” ಎಂದವರು ಮತ್ತೆ ಆ ಮಾತನ್ನು ಎತ್ತಲಿಲ್ಲ. ಚಹಾ ಕುಡಿಸಿ ಕಳಿಸಿದರು. ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಇದರಷ್ಟು ನನ್ನನ್ನು ಕಾಡಿದ್ದು ಬೇರೆಯಿಲ್ಲ.

ಹೊಳೆಯ ಎರಡೂ ದಂಡೆಗಳ ನೆನಪು ಒಂದೇ ಮಾತಿನಲ್ಲಿ ಸಿಕ್ಕಿದ್ದು ಮುನಿರಾಬಾದ್ ಕಡೆಯ ಒಬ್ಬ ಕಲ್ಲು ಒಡೆಯುವ ಹಿರಿಯರಿಂದ. ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದಿತ್ತು. ಈ ದಂಡೆಯಲ್ಲಿ ಹೈದರಾಬಾದ್ ಸರ್ಕಾರ, ಹೊಸಪೇಟೆಯ ದಂಡೆಯಲ್ಲಿ ಮದ್ರಾಸ್ ಸರ್ಕಾರ, ಹೀಗೆ ಎರಡು ಸರ್ಕಾರಗಳ ಕೆಲಸ. ಆಗ ಅವರು ಅಪ್ಪನ ಜೊತೆ ಕಲ್ಲಿನ ಕೆಲಸಕ್ಕೆ ಬರುತ್ತಿದ್ದ ಹುಡುಗ. “ಮುಂಜಾನಿ ಆ ದಂಡಿ ಸುತಗಿ ಸಪ್ಪಳಾ ನಿಂತಿತ್ರಿ. ಅಲ್ಲಿ ಸಪ್ಪಳಾ ಇಲ್ಲಂದ್ರ ಏನೋ ಆಗೇತಿ ಅಂತ ನಮ್ಮಪ್ಪ ಸುತಗಿ ಕೆಳಗಿಟ್ಟ” ಎಂದು ಅವರು ಹೇಳಿದ್ದನ್ನು ಬರೆದುಕೊಳ್ಳುವಾಗ ನನಗೆ ಕೈ ನಡುಗಿತು. ತರಗತಿಯಲ್ಲಿ ಎದ್ದು ನಿಂತ ಆ ಹುಡುಗಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ರಾಯಚೂರಿನ ಒಬ್ಬ ಮುಸ್ಲಿಂ ಹಿರಿಯರ ನೆನಪಿನಲ್ಲಿ ಆ ರಾತ್ರಿಯೆಂದರೆ ಬಾಗಿಲಿನ ಅಗುಳಿ. ಸುದ್ದಿ ಬಂದಾಗ ಅವರ ತಂದೆ ಮೊದಲು ಕೇಳಿದ್ದು ಹೊಡೆದವನು ಯಾರು ಎಂದು, ಯಾರಿಗೂ ಗೊತ್ತಿರಲಿಲ್ಲ. ಅಗುಳಿ ಹಾಕಿ, ಕಂದೀಲು ಸಣ್ಣದು ಮಾಡಿ, ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕುಳಿತರು. ದೆಹಲಿಯ ಆಕಾಶವಾಣಿ, ಕೊಂದವನು ಹಿಂದೂ ಎಂಬುದನ್ನು ಆ ಸಂಜೆಯೇ ಬೇಕೆಂದೇ ಸ್ಪಷ್ಟವಾಗಿ ಹೇಳಿತ್ತು. ಆ ಒಂದು ಶಬ್ದ ಎಷ್ಟು ಜೀವಗಳನ್ನು ಉಳಿಸಿತೋ ಹೇಳಲಾಗದು. ಆದರೆ ರೇಡಿಯೋ ಇಲ್ಲದ ಆ ಓಣಿಗೆ ಆ ಶಬ್ದ ಮುಟ್ಟಿದ್ದು ತಡರಾತ್ರಿ, ಪಕ್ಕದ ಮನೆಯ ಲಿಂಗಾಯತ ವ್ಯಾಪಾರಿ ಕಿಟಕಿಗೆ ಬಾಯಿ ಹಚ್ಚಿ “ಸಾಹೇಬ್ರ, ನಿಮ್ಮವರಲ್ಲಂತ, ಬಾಗಲಾ ತಗೀರಿ” ಎಂದಾಗ. ಬಾಗಿಲು ತೆಗೆದ ಮೇಲೆಯೇ ತಂದೆಗೆ ಅಳು ಬಂತು ಎಂದು ಹೇಳಿ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಆ ಮೌನವೂ ಕ್ಯಾಸೆಟ್ಟಿನಲ್ಲಿದೆ. ಬರೆದುಕೊಳ್ಳುವಾಗ ಅದನ್ನು ಬಿಡಬಾರದೆಂದು ‘ಇಲ್ಲಿ ಸುಮ್ಮನಾದರು’ ಎಂದು ಬರೆದಿದ್ದೇನೆ.

ಮೂರು ವರ್ಷಗಳಲ್ಲಿ 38 ಜನರನ್ನು ಮಾತನಾಡಿಸಿದೆ. ಊಟವಾದ ಮೇಲಿನ ಇಳಿಹೊತ್ತೇ ಒಳ್ಳೆಯದು. ಮನೆಯ ಉಳಿದವರು ನಡುವೆ ಬಾಯಿ ಹಾಕದಂತೆ ಮೊದಲೇ ವಿನಂತಿಸಿಕೊಳ್ಳಬೇಕು, ಅದರಲ್ಲೂ ಓದಿದ ಮಕ್ಕಳು ತಂದೆತಾಯಿಯ ಮಾತನ್ನು ತಿದ್ದುವ ಆತುರದಲ್ಲಿರುತ್ತಾರೆ. ಅವರ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸದೆ ಆಡಿದ ಹಾಗೆಯೇ ಬರೆದುಕೊಂಡೆ, ಅದೇ ರಾತ್ರಿ ಕ್ಯಾಸೆಟ್ ಹಚ್ಚಿ ಇನ್ನೊಮ್ಮೆ ಕೇಳಿದೆ. ಪುಟವನ್ನು ಮೂರು ಭಾಗ ಮಾಡಿ, ತಾವೇ ಕಂಡದ್ದು, ಆ ದಿನ ಬೇರೆಯವರಿಂದ ಕೇಳಿದ್ದು, ಮುಂದೆ ಎಂದೋ ತಿಳಿದದ್ದು ಎಂದು ಬೇರೆ ಬೇರೆ ಇಟ್ಟೆ. ಆರು ತಿಂಗಳು ಬಿಟ್ಟು ಮತ್ತೆ ಹೋಗಿ, ಹಿಂದಿನದನ್ನು ಓದಿ ಹೇಳದೆ, ಮೊದಲಿನಿಂದ ಕೇಳಿದೆ. ಕುಷ್ಟಗಿಯ ಅಜ್ಜಿ ಎರಡನೆಯ ಸಲವೂ ಕೊಡ, ರೊಟ್ಟಿ, ಚಟ್ನಿಯನ್ನೇ ಹೇಳಿದರು, ಆದರೆ ಬಾಗಿಲನ್ನು ಈ ಸಲ ಮೊದಲು ಹೇಳಿದರು.

ಯಲಬುರ್ಗಾ ಕಡೆಯ ಅಜ್ಜನವರ ಮನೆಗೆ ಮತ್ತೆ ಹೋಗಲು ನನಗೆ ಒಂದು ವರ್ಷ ಹಿಡಿಯಿತು. ಈ ಸಲ ಗಾಂಧೀಜಿಯ ಹೆಸರು ಎತ್ತಲಿಲ್ಲ. ಆ ದಿನದ ಮಳೆ ಎಂಥದಿತ್ತು ಎಂದಷ್ಟೇ ಕೇಳಿದೆ. ಜಿಟಿಜಿಟಿ ಮಳೆ ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರಾಗಿಯೇ ಹೇಳಿದರು: ಅವರ ಅಣ್ಣ ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸುತ್ತಿದ್ದ, ನಿಜಾಮರ ವಿರುದ್ಧ ಹೋರಾಡುವವರ ಶಿಬಿರ ಸೇರಿದ್ದ, ಮಿಲ್ಟ್ರಿ ಬಂದ ಮೇಲೆ ಊರಿಗೆ ತಿರುಗಿ ಬಂದವನು ಚಾವಡಿಯಲ್ಲಿ ಗಾಂಧಿಯ ಫೋಟೋ ಇಟ್ಟ. “ಗಾಂಧಿ ಸತ್ತಾನಂತ ಅದಕಿಂತ ಮೊದಲ ಯಾರೋ ಅಂದಿದ್ರಿ, ನಾ ನಂಬಿದ್ದಿಲ್ಲ. ಆವತ್ತ ಫೋಟೋಕ್ಕ ಹಾರ ಹಾಕಿ ಮುಂದ ದೀಪಾ ಹಚ್ಚಿದ್ರು. ದೀಪಾ ನೋಡಿದ ಮ್ಯಾಲ ಗೊತ್ತಾತು, ಮುದುಕ ಖರೇನ ಹೋಗ್ಯಾನ ಅಂತ.”

ಹಿಂದಿನ ಸಲ ಅವರ ಪುಟದ ಅಂಚಿನಲ್ಲಿ ‘ತಪ್ಪು, ಸೆಪ್ಟೆಂಬರ್’ ಎಂದು ಪೆನ್ಸಿಲ್‌ನಲ್ಲಿ ಬರೆದಿದ್ದೆ. ಮನೆಗೆ ಬಂದು ‘ತಪ್ಪು’ ಎಂಬುದನ್ನು ಅಳಿಸಿ, ಮೇಲೆ ಮಸಿಯಲ್ಲಿ ಅವರು ಹೇಳಿದ ಹೆಸರನ್ನೇ ಬರೆದೆ: ಗಾಂಧಿ ಹೋದ ದಿನ.