ಡೇರಿ ಸೆಕ್ರೆಟರಿ ಮಗನೂ ಲಂಡನ್ನಿನ ಫುಟ್‌ಬಾಲ್ ಕ್ಲಬ್ಬೂ

ಮದ್ದೂರಿನ ಹತ್ತಿರ ನಮ್ಮೂರಲ್ಲಿ ಅಪ್ಪ ಇಪ್ಪತ್ತೆರಡು ವರ್ಷ ಹಾಲಿನ ಡೇರಿ ಸೆಕ್ರೆಟರಿ ಆಗಿದ್ದರು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದು, ಕ್ಯಾನು ಜೋಡಿಸಿ, ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡಿ, ಒಬ್ಬೊಬ್ಬರ ಪಾಸ್‌ಬುಕ್ಕಿಗೂ ಲೀಟರು ಬರೆದುಕೊಡೋದು ಅವರ ಕೆಲಸ. 2016ರಲ್ಲಿ ನಾನು ಲಂಡನ್ನಿನಿಂದ ಫೋನ್ ಮಾಡಿ, 'ಅಪ್ಪ, ಇಲ್ಲೊಂದು ಫುಟ್‌ಬಾಲ್ ಕ್ಲಬ್ಬಿಗೆ ಮೆಂಬರ್ ಆದೆ, ನಂಗೂ ಓಟಿದೆ' ಅಂದೆ. ಆಟದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ.

'ಎಷ್ಟು ದುಡ್ಡು ಹಾಕಿದ್ರೆ ಎಷ್ಟು ಓಟ್ಲಾ?'

'ಎಷ್ಟು ಹಾಕಿದ್ರೂ ಒಂದೇ ಓಟು.'

'ಹಂಗಾದ್ರೆ ಡೇರಿ ಅನ್ನು.'

ಹೌದು, ಡೇರಿನೇ. ಎರಡು ಲೀಟರ್ ಹಾಕುವ ಒಂಟಿ ಹಸುವಿನ ಅಜ್ಜಿಗೂ ಇಪ್ಪತ್ತು ಲೀಟರ್ ಹಾಕುವ ಗೌಡರಿಗೂ ಒಂದೊಂದೇ ಓಟು. ಎಎಫ್‌ಸಿ ವಿಂಬಲ್ಡನ್ ಅನ್ನುವ ಕ್ಲಬ್ಬಿನ ಬಹುಮತ ಇರೋದು ಡಾನ್ಸ್ ಟ್ರಸ್ಟ್ ಕೈಯಲ್ಲಿ. ಆ ಟ್ರಸ್ಟ್ ಅಂದರೆ ಅಭಿಮಾನಿಗಳ ಸೊಸೈಟಿ. ವರ್ಷಕ್ಕೊಂದು ಚಂದಾ ಕಟ್ಟಿದರೆ ಮೆಂಬರ್. ಬೋರ್ಡನ್ನು ಮೆಂಬರುಗಳೇ ಆರಿಸುತ್ತಾರೆ. ಕ್ಲಬ್ಬನ್ನು ಬೇರೆಯವರ ಕೈಗೆ ಕೊಡೋದು ಅಂತ ಬಂದರೆ ಮೆಂಬರುಗಳ ಓಟು ಇಲ್ಲದೆ ಆಗೋದಿಲ್ಲ.

ವಿಂಬಲ್ಡನ್ ಅಂದ ತಕ್ಷಣ ನಮ್ಮವರಿಗೆಲ್ಲ ಟೆನಿಸ್ ನೆನಪಾಗುತ್ತೆ. ನನಗೂ ಹಾಗೇ ಇತ್ತು. 2014ರಲ್ಲಿ ಕೆಲಸಕ್ಕೆ ಅಂತ ಬಂದು ಟೂಟಿಂಗ್‌ನಲ್ಲಿ ಮನೆ ಮಾಡಿದೆ. ಟೂಟಿಂಗ್ ಯಾಕೆ ಅಂದರೆ, ಅಲ್ಲಿ ದೋಸೆ ಸಿಗುತ್ತೆ, ಅಷ್ಟೇ. ಆಫೀಸಿನಲ್ಲಿ ಪಕ್ಕದ ಮೇಜಿನವನು ಒಂದು ಶನಿವಾರ ಬಾ ಅಂತ ಕರೆದುಕೊಂಡು ಹೋದ. ಆಗ ಕ್ಲಬ್ ಕಿಂಗ್ಸ್‌ಮೆಡೋ ಅನ್ನುವ ಪುಟ್ಟ ಮೈದಾನದಲ್ಲಿ ಆಡುತ್ತಿತ್ತು. ಐದು ಸಾವಿರ ಜನ ಸೇರಿದರೆ ಭರ್ತಿ. ಗೋಲಿನ ಹಿಂದೆ ಮೆಟ್ಟಿಲ ಮೇಲೆ ನಿಂತು ನೋಡಬೇಕು. ನನ್ನ ಪಕ್ಕ ಒಬ್ಬ ಅಜ್ಜ ನಿಂತಿದ್ದ. ಅವತ್ತಿನಿಂದ ಅವನ ಪಕ್ಕವೇ ನನ್ನ ಜಾಗ ಆಯಿತು. ಆಟದ ನಡುವೆ ಕಥೆ ಹೇಳುತ್ತಿದ್ದ. ಆಟ ಬೋರ್ ಆದಷ್ಟೂ ಕಥೆ ಜಾಸ್ತಿ.

ಹಳೆಯ ವಿಂಬಲ್ಡನ್ ಎಫ್‌ಸಿ ಶುರುವಾಗಿದ್ದು 1889ರಲ್ಲಿ. 1988ರ ಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್‌ನಂಥ ಲಿವರ್‌ಪೂಲನ್ನೇ 1–0ಯಿಂದ ಸೋಲಿಸಿತು. ಲಾರಿ ಸ್ಯಾಂಚೆಜ್ ಗೋಲು ಹೊಡೆದ, ಡೇವ್ ಬೆಸಂಟ್ ಪೆನಾಲ್ಟಿ ಹಿಡಿದ. ಅಜ್ಜ ಅವತ್ತು ಫೈನಲ್ ನಡೆದ ವೆಂಬ್ಲಿ ಸ್ಟೇಡಿಯಂನಲ್ಲಿದ್ದ. ಮೂರು ವರ್ಷಕ್ಕೆ, 1991ರಲ್ಲಿ, ತಂಡ ತನ್ನ ಪ್ಲೌ ಲೇನ್ ಮೈದಾನ ಬಿಟ್ಟು ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಬಾಡಿಗೆಗೆ ಹೋಯಿತು. ಎಲ್ಲರಿಗೂ ಸೀಟ್ ಇರುವ ಸ್ಟೇಡಿಯಂ ಬೇಕು ಅಂತ ನಿಯಮ ಬಂದಿತ್ತು, ಹಳೆಯ ಮೈದಾನ ಅದಕ್ಕೆ ಆಗುತ್ತಿರಲಿಲ್ಲ. ಬಾಡಿಗೆ ಮನೆ ಸೇರಿದವರು ಮತ್ತೆ ಸ್ವಂತ ಮನೆ ಕಟ್ಟಲೇ ಇಲ್ಲ. ಮಾಲೀಕರು ಬದಲಾದರು. ಕೊನೆಗೆ ತಂಡವನ್ನೇ ಮಿಲ್ಟನ್ ಕೀನ್ಸ್ ಅನ್ನುವ ಊರಿಗೆ ಎತ್ತಿಕೊಂಡು ಹೋಗುತ್ತೇವೆ ಅಂದರು. ಅದು ಸುಮಾರು 90 ಕಿಲೋಮೀಟರ್ ದೂರ. ಮಂಡ್ಯದ ತಂಡವನ್ನು ಎತ್ತಿ ಬೆಂಗಳೂರಿನಲ್ಲಿ ಇಟ್ಟಂತೆ. ಅಭಿಮಾನಿಗಳು ಬೀದಿಗಿಳಿದರು. 2002ರ ಮೇ 28ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನೇಮಿಸಿದ್ದ ಮೂವರ ಕಮಿಷನ್ 2–1ರಿಂದ ಹೂಂ ಅಂದುಬಿಟ್ಟಿತು. ವಿಂಬಲ್ಡನ್‌ನಲ್ಲೇ ಹೊಸದಾಗಿ ಕ್ಲಬ್ ಕಟ್ಟೋದು ಫುಟ್‌ಬಾಲಿನ ಹಿತಕ್ಕೆ ಒಳ್ಳೇದಲ್ಲ ಅಂತ ಬೇರೆ ಬರೆದರು. ಆ ಸಾಲನ್ನು ಈಗಲೂ ಇಲ್ಲಿ ಜನ ಬೈಗುಳದ ಹಾಗೆ ಹೇಳಿಕೊಂಡು ನಗುತ್ತಾರೆ.

ಸುಮಾರು ಒಂದು ತಿಂಗಳಿಗೆ ವಿಂಬಲ್ಡನ್ ಕಾಮನ್ ಅನ್ನುವ ಬಯಲಿನಲ್ಲಿ ಅಭಿಮಾನಿಗಳೇ ಕಟ್ಟಿದ ಹೊಸ ತಂಡಕ್ಕೆ, ಅಂದರೆ ಎಎಫ್‌ಸಿ ವಿಂಬಲ್ಡನ್‌ಗೆ, ಟ್ರಯಲ್ಸ್ ನಡೆಯಿತು. ಯಾರು ಬೇಕಾದರೂ ಬನ್ನಿ ಅಂದಿದ್ದಕ್ಕೆ 230 ಜನ ಬಂದರು. ಜುಲೈನಲ್ಲಿ ಮೊದಲ ಪಂದ್ಯ ಸಟನ್ ಯುನೈಟೆಡ್ ಮೇಲೆ, 4–0 ಸೋಲು. ನೋಡಲು ಬಂದವರು 4,657. 'ನಾಲ್ಕು ಗೋಲು ತಿಂದು ಅಷ್ಟು ಖುಷಿಯಾಗಿ ಮನೆಗೆ ಹೋಗಿದ್ದು ಅದೊಂದೇ ಸಲ' ಅನ್ನುತ್ತಿದ್ದ ಅಜ್ಜ. ಒಂಬತ್ತು ವರ್ಷದಲ್ಲಿ ಐದು ಸಲ ಮೇಲಿನ ಹಂತಕ್ಕೆ ಏರಿ, 2011ರಲ್ಲಿ ಲೂಟನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಫುಟ್‌ಬಾಲ್ ಲೀಗಿಗೆ ವಾಪಸ್ ಬಂದರು.

ಇದೆಲ್ಲ ಕೇಳಿದ ಮೇಲೆ ಚಂದಾ ಕಟ್ಟದೆ ಇರೋದು ಹೇಗೆ?

ಕಟ್ಟಿದ ಮೇಲೆ ಗೊತ್ತಾಯಿತು, ಮಾಲೀಕ ಆಗೋದು ಬಹಳ ನೀರಸವಾದ ಕೆಲಸ. ಲೆಕ್ಕಪತ್ರ ಬರುತ್ತೆ. ಸಭೆ ನೋಟಿಸ್ ಬರುತ್ತೆ. ಮೊದಲ ವರ್ಷ ಎರಡನ್ನೂ ಓದದೆ ಪಕ್ಕಕ್ಕಿಟ್ಟೆ. ಅಪ್ಪನಿಗೆ ಗೊತ್ತಾಗಿ ಬೈದರು. 'ಲೆಕ್ಕ ಓದ್ದೇ ಇರೋನು ಮೆಂಬರ್ ಅಲ್ಲ ಕಣ್ಲಾ, ಗಿರಾಕಿ' ಅಂದರು. ಊರಿನ ಡೇರಿಯ ಸರ್ವ ಸದಸ್ಯರ ಸಭೆಗೆ ಅರ್ಧ ಜನ ಬರೋದು ಕೊನೆಗೆ ಕೊಡುವ ಖಾರ, ಬೂಂದಿ ಪೊಟ್ಟಣಕ್ಕೆ ಅಂತ ಅವರಿಗೂ ಗೊತ್ತು. ಆದರೂ ಹಿಂದಿನ ಬೆಂಚಿನಲ್ಲಿ ಒಬ್ಬ ಎದ್ದು ನಿಂತು 'ಈ ಇತರೆ ಖರ್ಚು ಅಂದ್ರೇನ್ರೀ?' ಅಂತ ಕೇಳಿಯೇ ಕೇಳುತ್ತಾನೆ. ಅವನೊಬ್ಬ ಇದ್ದರೆ ಸಾಕು ಅನ್ನೋದು ಅಪ್ಪನ ಲೆಕ್ಕ. ಎರಡನೇ ವರ್ಷದಿಂದ ನಾನು ಪೆನ್ಸಿಲ್ ಹಿಡಿದು ಓದಲು ಶುರು ಮಾಡಿದೆ. ಮೊದಲು ನೋಡೋದು ಮೂರು: ಆಟಗಾರರ ಸಂಬಳ ಆದಾಯದಲ್ಲಿ ಎಷ್ಟು ಪಾಲು, ಸಾಲ ಯಾರದು, ಅದನ್ನು ಯಾವಾಗ ತೀರಿಸಬೇಕು. ಮಿಕ್ಕಿದ್ದು ಆಮೇಲೆ.

ನಿಜವಾದ ಪರೀಕ್ಷೆ ಬಂದಿದ್ದು 2019ರ ಡಿಸೆಂಬರಿನಲ್ಲಿ.

ಹಳೆಯ ಪ್ಲೌ ಲೇನ್ ಪಕ್ಕದಲ್ಲೇ, ನಾಯಿ ರೇಸು ನಡೆಯುತ್ತಿದ್ದ ಜಾಗದಲ್ಲಿ ಹೊಸ ಸ್ಟೇಡಿಯಂ ಏಳುತ್ತಿತ್ತು. ಕಿಂಗ್ಸ್‌ಮೆಡೋವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿಯಾಗಿತ್ತು. ಆ ವರ್ಷವೇ ಆನ್‌ಲೈನ್‌ನಲ್ಲಿ ಚಿಕ್ಕ ಚಿಕ್ಕ ಷೇರು ಮಾರಿ ಸುಮಾರು 24 ಲಕ್ಷ ಪೌಂಡ್ ಎತ್ತಿದ್ದರು. ಆದರೂ ಸುಮಾರು 1.1 ಕೋಟಿ ಪೌಂಡ್ ಕಡಿಮೆ ಬಿತ್ತು. ಮನೆ ಕಟ್ಟಿದವರಿಗೆಲ್ಲ ಗೊತ್ತಲ್ಲ, ಲಿಂಟಲ್ ಮಟ್ಟಕ್ಕೆ ಬಂದಾಗಲೇ ದುಡ್ಡು ಮುಗಿಯೋದು. ಹೊರಗಿನ ಹೂಡಿಕೆದಾರರಿಗೆ ಪಾಲು ಕೊಟ್ಟು ದುಡ್ಡು ತರೋಣ ಅನ್ನೋದು ಒಂದು ದಾರಿ. ಅದು ಬಾಯಿಗೆ ಬಂದಿದ್ದೇ ತಡ, ಅಭಿಮಾನಿಗಳಲ್ಲಿ ಎರಡು ಪಕ್ಷ ಆಯಿತು.

ನಾನು ಅಂದುಕೊಂಡಿದ್ದು, ಅಜ್ಜ ಖಂಡಿತ ವಿರೋಧಿಸುತ್ತಾನೆ ಅಂತ. ಒಮ್ಮೆ ಮಾಲೀಕರ ಕೈಯಲ್ಲಿ ಕ್ಲಬ್ಬನ್ನೇ ಕಳೆದುಕೊಂಡವನು. ಆದರೆ ಅವನು, 'ನಂಗೆ ಎಪ್ಪತ್ತನಾಲ್ಕು. ಸಾಯೋ ಮುಂಚೆ ಪ್ಲೌ ಲೇನ್‌ನಲ್ಲಿ ಕೂತು ಒಂದು ಆಟ ನೋಡ್ಬೇಕು. ತಗೊಳ್ಳಲಿ ಬಿಡಿ ದುಡ್ಡು' ಅಂದುಬಿಟ್ಟ. ನಮ್ಮ ಹಿಂದಿನ ಮೆಟ್ಟಿಲಲ್ಲಿ ನಿಲ್ಲುವ ಹುಡುಗಿ ಉರಿದುಬಿದ್ದಳು. 2002ರಲ್ಲಿ ಅವಳಿಗೆ ನಾಲ್ಕು ವರ್ಷ. 'ಸ್ಟೇಡಿಯಂ ನಮ್ಮದು, ಕ್ಲಬ್ ಅವರದು ಅಂತಾದ್ರೆ ಯಾವ ಸಂಭ್ರಮಕ್ಕೆ ಹೋಗ್ಲಿ ಅಲ್ಲಿಗೆ?' ಅಂತ ಕೇಳಿದಳು. ಇಬ್ಬರ ಮಾತೂ ಸರಿ ಅನ್ನಿಸಿತು. ಅದೇ ತಾಪತ್ರಯ.

ಅಪ್ಪನಿಗೆ ಫೋನ್ ಮಾಡಿದೆ. ಅವರು ಹಳೆಯ ಕಥೆ ತೆಗೆದರು. ಒಂದು ಬೇಸಿಗೆಯಲ್ಲಿ ಒಬ್ಬ ಖಾಸಗಿ ಹಾಲಿನವನು ಊರಿಗೆ ಟೆಂಪೋ ತಂದು, ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಡುತ್ತೇನೆ ಅಂದನಂತೆ. ಬಟವಾಡೆಯೂ ಆವತ್ತಿಂದ ಆವತ್ತಿಗೆ. ಅರ್ಧ ಊರು ಡೇರಿ ಬಿಟ್ಟಿತು. ಮಳೆಗಾಲ ಬಂದು ಹುಲ್ಲು ಚಿಗುರಿ ಎಲ್ಲ ಕಡೆ ಹಾಲು ಹೆಚ್ಚಾಯಿತು ನೋಡಿ, ಟೆಂಪೋ ಬರೋದು ನಿಂತಿತು. ಒಂದು ದಿನ ಬೆಳಿಗ್ಗೆ ಹೆಂಗಸರು ತುಂಬಿದ ಕ್ಯಾನು ಇಟ್ಟುಕೊಂಡು ಅರಳಿಕಟ್ಟೆ ಹತ್ತಿರ ಒಂಬತ್ತರವರೆಗೂ ಕೂತಿದ್ದರಂತೆ. ಹಾಲು ಒಡೆಯಿತು. 'ದುಡ್ಡು ತಗಳಾದು ತಪ್ಪಲ್ಲ' ಅಂದರು ಅಪ್ಪ. 'ಔನು ನಾಳೆ ಬರ್ನಿಲ್ಲ ಅಂದ್ರೆ ಕೇಳಕ್ಕೆ ನಿಂಗೆ ಹಕ್ಕು ಐತಾ? ಅದ್ನ ಕೇಳು ಮೊದ್ಲು.'

ಭಾರತದ ಫುಟ್‌ಬಾಲ್ ನೋಡಿದವರಿಗೆ ಈ ಟೆಂಪೋ ಹೊಸದಲ್ಲ. ರಾಷ್ಟ್ರೀಯ ಲೀಗ್ ಗೆದ್ದಿದ್ದ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು, ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ 2011ರಲ್ಲಿ. ಕಂಪನಿ ಸಾಕು ಅಂದಿತು, ಮುಗಿಯಿತು. ನಾನು ಊರಿಗೆ ಬಂದಾಗ ಕಂಠೀರವಕ್ಕೆ ಹೋಗಿ ಬೆಂಗಳೂರು ಎಫ್‌ಸಿ ಆಟ ನೋಡುತ್ತೇನೆ. ವೆಸ್ಟ್ ಬ್ಲಾಕ್ ಗ್ಯಾಲರಿಯ ಹುಡುಗರು 90 ನಿಮಿಷ ಕೂರದೆ ಹಾಡುತ್ತಾರೆ, ಗಂಟಲು ಹರಿಯೋ ಹಾಗೆ. 2013ರಿಂದ ಆ ಕ್ಲಬ್ ಜೆಎಸ್‌ಡಬ್ಲ್ಯು ಗುಂಪಿನದು, ತಂಡವನ್ನು ಚೆನ್ನಾಗಿ ಕಟ್ಟಿದರು, ಇಲ್ಲ ಅನ್ನೋದಿಲ್ಲ. ಆದರೆ ಹಾಡುವವರಿಗೆ ಓಟಿಲ್ಲ.

ಇಲ್ಲಿ ಲಂಡನ್ನಿನಲ್ಲಿ ಟ್ರಸ್ಟಿನವರು ಸಭೆ ಕರೆದರು. ನಾನು ಚೀಟಿಯಲ್ಲಿ ಅಪ್ಪನ ಪ್ರಶ್ನೆ ಬರೆದುಕೊಂಡು ಹೋದೆ. ಪಾಲು ಕೊಟ್ಟರೆ ಬೋರ್ಡಿನಲ್ಲಿ ಎಷ್ಟು ಕುರ್ಚಿ ಕೇಳುತ್ತಾರೆ? ಅವರು ಪಾಲು ಮಾರಿ ಹೊರಟರೆ ಕೊಳ್ಳುವ ಮೊದಲ ಹಕ್ಕು ಯಾರದು? ಮೈಕಿನ ಸಾಲಿನಲ್ಲಿ ನಿಂತೆ, ಎದೆ ಡವಡವ. ನನ್ನ ಮುಂದೆ ನಿಂತಿದ್ದ ಹೆಂಗಸು ಎರಡೂ ಪ್ರಶ್ನೆಯನ್ನು ನನಗಿಂತ ಚೆನ್ನಾಗಿ ಕೇಳಿದಳು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ವಾಪಸ್ ಬಂದು ಕೂತೆ. ಇಲ್ಲಿನ ಸಭೆಯಲ್ಲಿ ಖಾರ, ಬೂಂದಿ ಏನೂ ಕೊಡಲ್ಲ. ಟೀ ಕೂಡ ದುಡ್ಡು ಕೊಟ್ಟೇ ಕುಡಿಯಬೇಕು.

ಆಮೇಲೆ ಅಭಿಮಾನಿಗಳ ನಡುವಿನಿಂದಲೇ ಇನ್ನೊಂದು ದಾರಿ ಹೊರಟಿತು. ಪಾಲು ಮಾರೋದು ಬೇಡ, ನಮ್ಮ ಹತ್ತಿರವೇ ಸಾಲ ಎತ್ತೋಣ ಅಂತ. 2020ರ ಶುರುವಿನಲ್ಲಿ ಪ್ಲೌ ಲೇನ್ ಬಾಂಡ್ ಬಂತು. ಕನಿಷ್ಠ ಸಾವಿರ ಪೌಂಡ್. ಐದು, ಹತ್ತು ಅಥವಾ ಇಪ್ಪತ್ತು ವರ್ಷಕ್ಕೆ. ಬಡ್ಡಿ 4 ಪರ್ಸೆಂಟ್‌ವರೆಗೆ ಎಷ್ಟು ಬೇಕು ಅಂತ ನಾವೇ ಹೇಳಬೇಕು. ಸೊನ್ನೆ ಅಂತಲೂ ಬರೆಯಬಹುದು. ಸಾಲ ಕೊಟ್ಟವನಿಗೆ ದುಡ್ಡು ವಾಪಸ್ ಬರುತ್ತೆ, ಆದರೆ ಓಟು ಜಾಸ್ತಿ ಆಗಲ್ಲ. ನನಗೆ ಇದೇ ಸರಿ ಅನ್ನಿಸಿತು.

ಮನೆಯಲ್ಲಿ ಹೇಳೋದು ಇದ್ದಿದ್ದರಲ್ಲಿ ಕಷ್ಟದ ಕೆಲಸ. ಮೈಸೂರಲ್ಲಿ ಒಂದು ಸೈಟಿಗೆ ಅಂತ ಕೂಡಿಡುತ್ತಿದ್ದೆವು. ಹೆಂಡತಿ ಸುಮ್ನೆ ಕೇಳಿಸಿಕೊಂಡು, 'ಮುಳುಗಿದ್ರೆ?' ಅಂದಳು. ಮುಳುಗಬಹುದು ಅಂತಲೇ ಹೇಳಿದೆ. ಇದು ಬ್ಯಾಂಕಿನ ಡಿಪಾಸಿಟ್ ಅಲ್ಲ, ಕ್ಲಬ್ ಮುಳುಗಿದರೆ ದುಡ್ಡೂ ಮುಳುಗಿತು. ಅದಕ್ಕೇ ಕಳೆದುಕೊಂಡರೂ ನಿದ್ದೆ ಕೆಡದಷ್ಟು ಮಾತ್ರ ಹಾಕೋದು ಅಂತ ತೀರ್ಮಾನ ಮಾಡಿದೆವು. ಸಾವಿರ ಪೌಂಡ್, ಹತ್ತು ವರ್ಷ, 2 ಪರ್ಸೆಂಟ್. ಬಡ್ಡಿ ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಕೆಲವೇ ವಾರಗಳಲ್ಲಿ ಬಾಂಡ್ 50 ಲಕ್ಷ ಪೌಂಡ್ ದಾಟಿತು. ಅದೊಂದರಿಂದಲೇ ಸ್ಟೇಡಿಯಂ ಆಯಿತು ಅಂದರೆ ಸುಳ್ಳಾಗುತ್ತೆ. ಮಿಕ್ಕಿದ್ದಕ್ಕೆ ಬೇರೆ ಸಾಲ, ಹೂಡಿಕೆ ಎಲ್ಲ ಸೇರಿತು. ಬಹುಮತ ಮಾತ್ರ ಟ್ರಸ್ಟ್ ಕೈಯಲ್ಲೇ ಉಳಿಯಿತು. ಅಜ್ಜನೂ ಬಾಂಡ್ ತಗೊಂಡ. ಎಷ್ಟು ವರ್ಷಕ್ಕೆ ಅಂತ ಕೇಳಿದೆ.

'ಇಪ್ಪತ್ತು. ಬಡ್ಡಿ ಸೊನ್ನೆ.'

ಎಪ್ಪತ್ತನಾಲ್ಕಕ್ಕೆ ಇಪ್ಪತ್ತು ಕೂಡಿಸಿ ನಾನು ಅವನ ಮುಖ ನೋಡಿದೆ. ಅವನು ಗೋಲ್‌ಕೀಪರ್‌ಗೆ ಬೈಯುತ್ತಿದ್ದ.

2020ರ ನವೆಂಬರ್ 3ರಂದು ಹೊಸ ಪ್ಲೌ ಲೇನ್‌ನಲ್ಲಿ ಮೊದಲ ಆಟ, ಡಾನ್‌ಕಾಸ್ಟರ್ ಮೇಲೆ 2–2. ಕೊರೊನಾ ಕಾಲ, ಒಳಗೆ ಜನ ಇಲ್ಲ. ಎಲ್ಲ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಅಜ್ಜ ಫೋನಿನಲ್ಲಿ ಮಾತಾಡಲು ಹೋಗಿ ಮಾತು ಬಾರದೆ ಇಟ್ಟುಬಿಟ್ಟ. ಮುಂದಿನ ವರ್ಷ ಒಳಗೆ ಕೂತು ನೋಡಿದ. ಸೀಟ್ ಗಟ್ಟಿ, ನಿಂತು ನೋಡೋದೇ ವಾಸಿ ಅಂತ ಗೊಣಗಿದ.

ಇಷ್ಟೆಲ್ಲ ಹೇಳಿ ಅಭಿಮಾನಿಗಳ ಕೈಯಲ್ಲಿದ್ದರೆ ಎಲ್ಲ ಸರಿ ಅನ್ನೋಕೆ ಆಗಲ್ಲ. 2021ರ ಡಿಸೆಂಬರ್ ಶುರುವಿನಲ್ಲಿ ಒಂದು ಪಂದ್ಯ ಗೆದ್ದವರು ಸೀಸನ್ ಮುಗಿಯುವವರೆಗೂ ಇನ್ನೊಂದು ಗೆಲ್ಲಲಿಲ್ಲ. 2022ರಲ್ಲಿ ಕೆಳಗಿನ ಲೀಗಿಗೆ ಇಳಿದೆವು. ಆಗ ಮತ್ತೆ ಶುರು: ಶ್ರೀಮಂತ ಮಾಲೀಕ ಇದ್ದಿದ್ದರೆ ಜನವರಿಯಲ್ಲಿ ಒಬ್ಬ ಸ್ಟ್ರೈಕರ್ ಬರುತ್ತಿದ್ದ ಅಂತ. ಬರುತ್ತಿದ್ದನೋ ಏನೋ. ಪೋರ್ಟ್ಸ್‌ಮತ್ ಅಭಿಮಾನಿಗಳು 2013ರಲ್ಲಿ ದಿವಾಳಿಯಾಗಿದ್ದ ಕ್ಲಬ್ಬನ್ನು ಉಳಿಸಿಕೊಂಡರು. 2017ರಲ್ಲಿ ಅವರೇ ಓಟು ಹಾಕಿ, ಹಿಂದೆ ಡಿಸ್ನಿ ಕಂಪನಿ ನಡೆಸಿದ್ದ ಮೈಕಲ್ ಐಸ್ನರ್ ಅವರ ಕಂಪನಿಗೆ ಮಾರಿದರು. ಅದನ್ನು ದ್ರೋಹ ಅನ್ನುವವರಿದ್ದಾರೆ. ನಾನು ಅನ್ನಲ್ಲ. ಓಟು ಹಾಕಿ ಮಾರಿದರಲ್ಲ, ಬೆಳಿಗ್ಗೆ ಎದ್ದು ಪೇಪರ್ ನೋಡಿ ತಿಳಿದುಕೊಳ್ಳಲಿಲ್ಲವಲ್ಲ. ಜರ್ಮನಿಯಲ್ಲಿ ಸದಸ್ಯರ ಕೈಯಲ್ಲಿ ಅರ್ಧಕ್ಕಿಂತ ಒಂದಾದರೂ ಓಟು ಹೆಚ್ಚು ಇರಬೇಕು ಅಂತ ಲೀಗಿನ ನಿಯಮವೇ ಇದೆ. ಇಲ್ಲಿ ಇಂಗ್ಲೆಂಡಿನಲ್ಲಿ ಅಂಥದ್ದಿಲ್ಲ, ಒಂದೊಂದು ಕ್ಲಬ್ಬಿನವರೂ ತಾವೇ ಬಡಿದಾಡಬೇಕು.

2024ರ ಸೆಪ್ಟೆಂಬರಿನಲ್ಲಿ ಜೋರು ಮಳೆಗೆ ಪಕ್ಕದ ವಾಂಡಲ್ ನದಿ ಉಕ್ಕಿ ಮೈದಾನಕ್ಕೆ ನುಗ್ಗಿತು. ಹುಲ್ಲು ಚಾಪೆಯ ಹಾಗೆ ಎದ್ದು, ಒಂದು ಕಡೆ ಗುಂಡಿಯೇ ಬಿತ್ತು. ನ್ಯೂಕಾಸಲ್ ಮೇಲಿನ ಕಪ್ ಪಂದ್ಯವನ್ನು ಅವರ ಊರಿಗೇ ಸಾಗಿಸಬೇಕಾಯಿತು. ನಾನು ರಬ್ಬರ್ ಬೂಟು ಹಾಕಿ ಪೊರಕೆ ಹಿಡಿದು ಹೋದೆ. ಹಿಂದಿನ ಮೆಟ್ಟಿಲಿನ ಹುಡುಗಿ ಮೊದಲೇ ಬಂದಿದ್ದಳು, ಕೆಸರು ಗೋರುತ್ತಿದ್ದಳು. 'ಮಾಲೀಕರೇ, ಲೇಟು' ಅಂದಳು.

2025ರ ಮೇನಲ್ಲಿ ವೆಂಬ್ಲಿಯಲ್ಲಿ ವಾಲ್ಸಾಲ್ ತಂಡವನ್ನು 1–0ಯಿಂದ ಸೋಲಿಸಿ ಮತ್ತೆ ಮೇಲಿನ ಲೀಗಿಗೆ ಹತ್ತಿದೆವು. ವಾಪಸ್ ಬರುವಾಗ ಟ್ರೈನಿನಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಸುತ್ತ ಜನ ಹಾಡುತ್ತಿದ್ದರು, ಸರಿಯಾಗಿ ಕೇಳಿಸುತ್ತಿರಲಿಲ್ಲ.

'ಗೆದ್ವಿ ಅಪ್ಪ. ಮುಂದಿನ ವರ್ಷ ಮೇಲಿನ ಲೀಗು.'

'ಹಂಗಾದ್ರೆ ಆಟಗಾರ್ರ ಸಂಬ್ಳ ಜಾಸ್ತಿ ಮಾಡ್ಬೇಕಲ್ಲ. ದುಡ್ಡು ಎಲ್ಲಿಂದ ತರ್ತೀರಿ?'

ಮುಂದಿನ ಸಭೇಲಿ ಕೇಳ್ತೀನಿ ಅಂದೆ. ಚೀಟೀಲಿ ಬರ್ಕೊ ಅಂದರು.